ಫೀಡ್ ಮುಚ್ಚಿದರೆ ನಷ್ಟ ಯಾರಿಗೆ?

ಪ್ರಶ್ನೆ: ನಾನು ಶಿರಸಿ ಹತ್ತಿರದ ಹಳ್ಳಿಯವಳು, ನಿವೃತ್ತ ಶಿಕ್ಷಕಿ. 2009ರಿಂದ ತಂಬುಳಿ, ಸೊಪ್ಪು, ಮನೆಮದ್ದಿನ ಗಿಡಗಳ ಬಗ್ಗೆ ಬ್ಲಾಗ್ ಬರೆಯುತ್ತಿದ್ದೇನೆ. ಮೊದಲು ಬ್ಲಾಗ್‌ಸ್ಪಾಟ್‌ನಲ್ಲಿತ್ತು. ಕಳೆದ ವರ್ಷ ಅಕ್ಕನ ಮಗ ಸ್ವಂತ ಡೊಮೇನ್ ಕೊಂಡು ವರ್ಡ್‌ಪ್ರೆಸ್‌ಗೆ ಬದಲಿಸಿಕೊಟ್ಟ. ಫೋನಿಗೆ ಒಂದು ಫೀಡ್ ರೀಡರ್, ಅಂದರೆ ಬೇರೆ ಬೇರೆ ಬ್ಲಾಗ್‌ಗಳ ಹೊಸ ಲೇಖನಗಳನ್ನು ಒಂದೇ ಕಡೆ ತಂದು ತೋರಿಸುವ ಆ್ಯಪ್, ಕೂಡ ಹಾಕಿಕೊಟ್ಟ. ಗೆಳತಿಯರ ಸುಮಾರು ಮೂವತ್ತು ಬ್ಲಾಗ್‌ಗಳನ್ನು ಈಗ ಅದರಲ್ಲೇ ಓದುತ್ತೇನೆ. ಹೀಗೆ ಹುಡುಕುವಾಗ ನನ್ನ ಲೇಖನಗಳು ಬೇರೊಂದು ತಾಣದಲ್ಲಿ ಪೂರ್ತಿಯಾಗಿ ಕಂಡವು. ನನ್ನ ಹೆಸರಿಲ್ಲ, ಸುತ್ತಲೂ ಜಾಹೀರಾತು. ಕೇಳಿದ್ದಕ್ಕೆ, "ನಿಮ್ಮ ಫೀಡ್ ತೆರೆದಿದೆ, ಅಂದರೆ ಅನುಮತಿ ಕೊಟ್ಟ ಹಾಗೇ" ಎಂದು ಉತ್ತರ ಬಂತು. ಫೀಡ್ ಮುಚ್ಚಿಬಿಡಲೇ? ಒಂದೇ ಲೇಖನ ಎರಡು ಕಡೆ ಇದ್ದರೆ ಗೂಗಲ್ ನನಗೇ ಶಿಕ್ಷೆ ಕೊಡುತ್ತದಂತೆ, ನಿಜವೇ? ಜಾಗ ಬದಲಿಸಿದ ದಿನ ನನ್ನ ಹಿಂದಿನ ಹತ್ತು ಲೇಖನಗಳು ಗೆಳತಿಯರ ರೀಡರ್‌ನಲ್ಲಿ ಹೊಸದಾಗಿ ಬಂದವು. ಕೆಲವು ಕಡೆ ಕನ್ನಡ ಅಕ್ಷರ ಚೂರಾಗಿ ಕಾಣುತ್ತದೆ. ಇಷ್ಟೆಲ್ಲ ಆದರೂ ಈ ಮೂವತ್ತು ಬ್ಲಾಗ್ ಒಂದೇ ಪುಟದಲ್ಲಿ ಸಿಗುವ ಹಾಗೆ ಮಾಡಬೇಕೆಂಬ ಆಸೆ ನನಗಿದೆ. ಮಾಡಿದರೆ ನಾನೂ ಆ ತಾಣದವರ ಹಾಗೇ ಆಗುತ್ತೇನೆಯೇ? ಇವುಗಳಲ್ಲಿ ಒಂದು ಬ್ಲಾಗ್ ಈಚೆಗೆ ತೀರಿಕೊಂಡ ಗೆಳತಿಯದು.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಹದಿನೈದು ವರ್ಷಕ್ಕೂ ಜಾಸ್ತಿ ಕಾಲ ಬರೆದದ್ದನ್ನು ಯಾರೋ ಹೆಸರು ಕಿತ್ತು ಹಾಕಿಕೊಂಡರೆ ಹೊಟ್ಟೆ ಉರಿಯದೆ ಇರುತ್ತದೆಯೇ? ಆದರೂ ಮೊದಲೇ ಹೇಳಿಬಿಡುತ್ತೇನೆ, ಫೀಡ್ ಮುಚ್ಚಬೇಡಿ. ಮುಚ್ಚಿದರೆ ತೊಂದರೆ ಆಗುವುದು ನಿಮ್ಮ ಓದುಗರಿಗೆ. ಕದಿಯುವವರು ಬೇರೆ ದಾರಿ ಹಿಡಿಯುತ್ತಾರೆ.

ಇದು ಯಾಕೆ ಹೀಗೆ ಅಂತ ತಿಳಿಯಲು ಫೀಡ್ ಏನು ಎಂದು ಸ್ವಲ್ಪ ನೋಡಬೇಕು. ಅದು ನಿಮ್ಮ ತಾಣದಲ್ಲೇ ಇರುವ ಒಂದು ಕಡತ. ಇತ್ತೀಚಿನ ಲೇಖನಗಳ ಶೀರ್ಷಿಕೆ, ಕೊಂಡಿ, ದಿನಾಂಕ, ಬರಹ, ಜೊತೆಗೆ ಪ್ರತಿ ಲೇಖನಕ್ಕೂ ಅದರದೇ ಆದ ಒಂದು ಗುರುತು ಅದರಲ್ಲಿರುತ್ತವೆ. ವರ್ಡ್‌ಪ್ರೆಸ್ ತಾನಾಗಿಯೇ ಕೊನೆಯ 10 ಲೇಖನ ಇಡುತ್ತದೆ. ಫೀಡ್ ತಾನಾಗಿ ಎಲ್ಲಿಗೂ ಹೋಗುವುದಿಲ್ಲ. ಓದುಗರ ರೀಡರ್ ಆಗಾಗ ಬಂದು "ಹೊಸದೇನಾದರೂ ಇದೆಯೇ?" ಎಂದು ಕೇಳುತ್ತದೆ, ಇದ್ದರೆ ತೆಗೆದುಕೊಂಡು ಹೋಗುತ್ತದೆ. ಹಾಲಿನ ಡೇರಿಗೆ ಕ್ಯಾನ್ ಹಿಡಿದು ಬಂದ ಹಾಗೆ. ಬರುವವರ ಮುಖ ನಿಮಗೆ ಕಾಣುವುದಿಲ್ಲ, ಅಷ್ಟೇ.

ಈ ಏರ್ಪಾಡು ಶುರುವಾದದ್ದು 1999ರ ಮಾರ್ಚ್‌ನಲ್ಲಿ, ಆ ಕಾಲದ ಹೆಸರಾಂತ ಬ್ರೌಸರ್ ಕಂಪನಿ ನೆಟ್‌ಸ್ಕೇಪ್‌ನಲ್ಲಿ. ಅಲ್ಲಿ ಕೆಲಸ ಮಾಡುತ್ತಿದ್ದ ಡ್ಯಾನ್ ಲಿಬ್ಬಿ ಮತ್ತು ರಾಮನಾಥನ್ ಗುಹಾ ಇದನ್ನು ರೂಪಿಸಿದರು. ಗುಹಾ ಮದರಾಸಿನ ಐಐಟಿಯಲ್ಲಿ ಓದಿದವರು. ಬೇರೆ ಬೇರೆ ತಾಣಗಳ ಸುದ್ದಿ ತಲೆಬರಹಗಳನ್ನು ನೆಟ್‌ಸ್ಕೇಪ್‌ನ ಒಂದೇ ಪುಟದಲ್ಲಿ ತೋರಿಸಬೇಕಿತ್ತು, ಅದಕ್ಕಾಗಿ ಮಾಡಿದ್ದು. ಆ ಮೊದಲ ಆವೃತ್ತಿಯಲ್ಲಿ ಒಂದೊಂದು ಸುದ್ದಿಗೆ ಇದ್ದದ್ದು ಎರಡೇ ಅಂಶ, ಶೀರ್ಷಿಕೆ ಮತ್ತು ಕೊಂಡಿ. ಪೂರ್ತಿ ಲೇಖನ ಕಳಿಸುವ ರೂಢಿ ಆಮೇಲೆ ಬಂತು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಇನ್ನೊಬ್ಬರ ತಲೆಬರಹ ತೋರಿಸಿ ಓದುಗರನ್ನು ಮೂಲದ ಕಡೆಗೆ ಕಳಿಸುವುದು ಫೀಡ್‌ನ ಹುಟ್ಟು ಉದ್ದೇಶ. ಪೂರ್ತಿ ಲೇಖನ ಎತ್ತಿಕೊಂಡು ಓದುಗರನ್ನು ತನ್ನ ಹತ್ತಿರವೇ ಇಟ್ಟುಕೊಳ್ಳುವುದು ಅದರ ದುರುಪಯೋಗ. ನಿಮ್ಮ ಕೊನೆಯ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ.

ಈಗ ಅನುಮತಿಯ ಮಾತು. ಫೀಡ್ ತೆರೆದಿದ್ದರೆ ಅನುಮತಿ ಕೊಟ್ಟ ಹಾಗೆ ಎಂಬುದು ಸುಳ್ಳು. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ, ನೀವು ಬರೆದ ಕ್ಷಣದಿಂದಲೇ ಬರಹ ನಿಮ್ಮದು. ನೋಂದಣಿ ಬೇಕಿಲ್ಲ. ಇನ್ನೊಬ್ಬರಿಗೆ ಪರವಾನಗಿ ಕೊಡುವುದಾದರೆ ಅದು ಬರಹದಲ್ಲಿರಬೇಕು ಎಂದು 30ನೇ ಸೆಕ್ಷನ್ ಹೇಳುತ್ತದೆ. ವಿಮರ್ಶೆಗೆ, ಸುದ್ದಿ ವರದಿಗೆ ನ್ಯಾಯವಾಗಿ ಬಳಸಿಕೊಳ್ಳಲು 52ನೇ ಸೆಕ್ಷನ್ ಅವಕಾಶ ಕೊಟ್ಟಿದೆ. ಆದರೆ ಇಡೀ ಲೇಖನ ಎತ್ತಿ ಜಾಹೀರಾತಿನ ನಡುವೆ ಇಡುವುದಕ್ಕೆ ಆ ಹೆಸರು ಹೇಳಿಕೊಳ್ಳಲು ಬರುವುದಿಲ್ಲ. ಹೆಸರು ತೆಗೆದದ್ದು ಇನ್ನೊಂದು ತಪ್ಪು. ಹಕ್ಕು ಮಾರಿದ ಮೇಲೂ ಬರೆದವರು ತಾವೇ ಎಂದು ಹೇಳಿಕೊಳ್ಳುವ ಹಕ್ಕು ಲೇಖಕರಿಗೆ ಉಳಿಯುತ್ತದೆ, 57ನೇ ಸೆಕ್ಷನ್‌ನಲ್ಲಿ.

ಒಂದು ಮಾತು ಮಾತ್ರ ನೆನಪಿಡಿ. ಒಂದೆಲಗದ ತಂಬುಳಿ ಮಾಡುವ ವಿಧಾನ ಯಾರೊಬ್ಬರ ಸ್ವತ್ತೂ ಅಲ್ಲ. ಇನ್ನೊಬ್ಬರು ಅದನ್ನೇ ತಮ್ಮ ಮಾತಿನಲ್ಲಿ ಬರೆದರೆ ನೀವು ತಡೆಯಲಾರಿರಿ. ನೀವು ಬರೆದ ವಾಕ್ಯಗಳು, ನೀವು ತೆಗೆದ ಚಿತ್ರಗಳು, ಅಜ್ಜಿ ಅದನ್ನು ಹೇಗೆ ಕಡೆಯುತ್ತಿದ್ದರು ಎಂದು ಹೇಳಿದ ಕಥೆ, ಇವು ನಿಮ್ಮವು. ದೂರು ಕೊಡುವಾಗ ಇವುಗಳ ಮೇಲೆ ನಿಲ್ಲಿ.

ಹಾಗಾದರೆ ಫೀಡ್ ಮುಚ್ಚಿದರೆ ಏನಾಗುತ್ತದೆ? ಇಂಥ ತಾಣಗಳಲ್ಲಿ ಕುಳಿತು ನಕಲು ಮಾಡುವವರು ಯಾರೂ ಇರುವುದಿಲ್ಲ. ಪ್ಲಗಿನ್ ಎಂಬ, ತಾಣಕ್ಕೆ ಸೇರಿಸುವ ಸಣ್ಣ ತಂತ್ರಾಂಶ ನೂರಾರು ಫೀಡ್ ಓದಿ ತಾನೇ ಪ್ರಕಟಿಸುತ್ತಿರುತ್ತದೆ. ಫೀಡ್ ಸಿಗದಿದ್ದರೆ ನಿಮ್ಮ ಪುಟವನ್ನೇ ನೇರವಾಗಿ ಓದುವ ಪ್ರೋಗ್ರಾಮ್‌ಗಳಿವೆ, ಅವು ಅಪರೂಪದವೂ ಅಲ್ಲ. ಅತ್ತ ಓದುಗರಿಗೆ ಏನಾಗುತ್ತದೆ ಎಂಬುದಕ್ಕೆ ಹಿಂದಿನ ಎರಡು ಅನುಭವಗಳಿವೆ. 2013ರ ಜುಲೈ 1ಕ್ಕೆ ಗೂಗಲ್‌ನ ಫೀಡ್ ರೀಡರ್ ಆಗಿದ್ದ ಗೂಗಲ್ ರೀಡರ್ ನಿಂತಿತು. ಬೇರೆ ರೀಡರ್‌ಗೆ ಹೋಗದ ಓದುಗರು ಎಷ್ಟೋ ಬ್ಲಾಗ್‌ಗಳಿಗೆ ಮರಳಲೇ ಇಲ್ಲ. 2021ರ ಜುಲೈನಲ್ಲಿ, ಫೀಡ್‌ನ ಹೊಸ ಲೇಖನಗಳನ್ನು ಓದುಗರಿಗೆ ಈಮೇಲ್ ಮಾಡುತ್ತಿದ್ದ ಗೂಗಲ್‌ನ ಫೀಡ್‌ಬರ್ನರ್ ಸೇವೆ ಹಾಗೆ ಕಳಿಸುವುದನ್ನು ನಿಲ್ಲಿಸಿತು. ಬ್ಲಾಗ್‌ಸ್ಪಾಟ್‌ನ ಈಮೇಲ್ ಚಂದಾ ಅದರ ಮೇಲೇ ನಡೆಯುತ್ತಿತ್ತು. ನಿಮಗೂ ಆ ವರ್ಷ "ಓದುಗರು ಯಾಕೋ ಕಡಿಮೆಯಾದರು" ಅನ್ನಿಸಿದ್ದರೆ ನಿಮ್ಮ ಬರಹದ ತಪ್ಪು ಅಂದುಕೊಳ್ಳಬೇಡಿ. ಅವರಿಗೆ ಪತ್ರ ತಲುಪುವುದು ನಿಂತಿತ್ತು. ಓದುಗರು ಸಿಟ್ಟಾಗಿ ಹೋಗುವುದು ಕಡಿಮೆ. ದಾರಿ ಮುಚ್ಚಿತು, ಮರೆತರು, ಅಷ್ಟೇ. ಈಗ ಫೀಡ್‌ನಿಂದ ಬರುವವರನ್ನೂ ನೀವಾಗಿಯೇ ಹಾಗೆ ಕಳೆದುಕೊಳ್ಳಬೇಡಿ.

ಫೀಡ್‌ನ ಕಾಲ ಮುಗಿಯಿತು ಎಂದು ಯಾರಾದರೂ ಹೇಳಿದರೆ ಪಾಡ್‌ಕಾಸ್ಟ್, ಅಂದರೆ ಫೋನಿನಲ್ಲಿ ಕಂತುಕಂತಾಗಿ ಕೇಳುವ ಧ್ವನಿ ಕಾರ್ಯಕ್ರಮ, ತೋರಿಸಿ. ಈವತ್ತಿಗೂ ಪಾಡ್‌ಕಾಸ್ಟ್ ಹಂಚಿಕೆ ಹೆಚ್ಚಾಗಿ ನಡೆಯುವುದು ಇದೇ ಫೀಡ್‌ನ ಮೇಲೆ.

ಮುಚ್ಚುವುದರ ಬದಲು ನಿಮ್ಮ ಮುಂದೆ ಮೂರು ದಾರಿಗಳಿವೆ. ಒಂದು, ಪೂರ್ತಿ ಲೇಖನದ ಬದಲು ತುಣುಕು ಮಾತ್ರ ಕಳಿಸುವುದು. ವರ್ಡ್‌ಪ್ರೆಸ್‌ನ ರೀಡಿಂಗ್ ಸೆಟ್ಟಿಂಗ್‌ನಲ್ಲಿ ಇದಕ್ಕೆ ಆಯ್ಕೆ ಇದೆ. ಮೊದಲ 55 ಪದ ಹೋಗುತ್ತದೆ. ಕಳ್ಳತನ ಕಡಿಮೆಯಾಗುತ್ತದೆ, ನಿಜ. ಆದರೆ ನಿಮ್ಮ ಗೆಳತಿಯರು ಪ್ರತಿ ಲೇಖನಕ್ಕೂ ಬ್ರೌಸರ್ ತೆರೆಯಬೇಕು. ನೆಟ್‌ವರ್ಕ್ ಸರಿಯಾಗಿ ಸಿಗದ ಊರಲ್ಲಿ ಇದು ಸಣ್ಣ ತೊಂದರೆಯಲ್ಲ. ನಿಮ್ಮ ಕಡೆ ಮಳೆಗಾಲದಲ್ಲಿ ಹೇಗಿರುತ್ತದೆ ಎಂದು ನಾನು ಹೇಳಬೇಕಿಲ್ಲ. ಸಿಗ್ನಲ್ ಇದ್ದಾಗ ರೀಡರ್‌ಗೆ ಇಳಿಸಿಕೊಂಡು ಆಮೇಲೆ ಓದುವವರಿಗೆ ಪೂರ್ತಿ ಫೀಡ್ ಬೇಕೇ ಬೇಕು.

ಎರಡನೆಯದು, ನಾನು ಎಲ್ಲರಿಗೂ ಹೇಳುವುದು. ಫೀಡ್ ಪೂರ್ತಿಯಾಗಿಯೇ ಇರಲಿ, ಪ್ರತಿ ಲೇಖನದ ಕೊನೆಗೆ ಒಂದು ಸಾಲು ಸೇರಲಿ: "ಇದನ್ನು ಬರೆದವರು ಇಂಥವರು, ಮೂಲ ಲೇಖನ ಇಲ್ಲಿದೆ", ಜೊತೆಗೆ ಕೊಂಡಿ. ಬ್ಲಾಗ್‌ಸ್ಪಾಟ್‌ನಲ್ಲಿ ಇದಕ್ಕೆಂದೇ ಫೀಡ್ ಫೂಟರ್ ಎಂಬ ಜಾಗವಿದೆ. ವರ್ಡ್‌ಪ್ರೆಸ್‌ನಲ್ಲಿ ಯೋಸ್ಟ್‌ನಂಥ ಪ್ಲಗಿನ್ ಬೇಕು. ನಕಲು ಮಾಡುವ ಯಂತ್ರಕ್ಕೆ ಕಣ್ಣಿಲ್ಲ, ಆ ಸಾಲನ್ನೂ ಸೇರಿಸಿಯೇ ಎತ್ತಿಕೊಳ್ಳುವುದು ಹೆಚ್ಚು. ಆಗ ಕದ್ದ ಪುಟದಲ್ಲೇ ನಿಮ್ಮ ಹೆಸರು ಇರುತ್ತದೆ. ಲೇಖನದ ಒಳಗೂ ನಿಮ್ಮ ಹಳೆಯ ಲೇಖನಗಳಿಗೆ ಕೊಂಡಿ ಕೊಡುತ್ತಿರಿ. ಇನ್ನೊಂದು ವಿಷಯ, ಈಗಲೇ ಆ ತಾಣದಲ್ಲಿ ನಿಮ್ಮ ಚಿತ್ರದ ವಿಳಾಸ ಏನಿದೆ ನೋಡಿ. ಎಷ್ಟೋ ಸಲ ಚಿತ್ರ ನಿಮ್ಮ ಸರ್ವರ್‌ನಿಂದಲೇ, ಅಂದರೆ ನಿಮ್ಮ ತಾಣ ಇರುವ ಕಂಪ್ಯೂಟರಿನಿಂದಲೇ, ಹೋಗುತ್ತಿರುತ್ತದೆ. ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಸ್ಕ್ರೀನ್‌ಶಾಟ್ ತೆಗೆದಿಡಿ.

ಮೂರನೆಯದು, ಸರ್ವರ್‌ನ ಲಾಗ್, ಅಂದರೆ ಯಾರು ಯಾವಾಗ ಬಂದರು ಎಂಬ ದಾಖಲೆ, ನೋಡಿ ಆ ತಾಣದ ಐಪಿ ವಿಳಾಸವನ್ನು, ಅಂದರೆ ಇಂಟರ್‌ನೆಟ್‌ನಲ್ಲಿ ಅದರ ಯಂತ್ರದ ಸಂಖ್ಯೆಯನ್ನು, ತಡೆಯುವುದು. ನಿಮ್ಮ ಅಕ್ಕನ ಮಗ ಮಾಡಬಲ್ಲ. ಆದರೆ ಅವಸರ ಬೇಡ. ಫೀಡ್ಲಿಯಂಥ ಫೀಡ್ ರೀಡರ್ ಸೇವೆಗಳು ತಮ್ಮ ಎಲ್ಲ ಚಂದಾದಾರರ ಪರವಾಗಿ ಒಂದೇ ಸಲ ಬಂದು ಕೇಳುತ್ತವೆ. ಅದನ್ನು ಕಳ್ಳ ಎಂದುಕೊಂಡು ತಡೆದರೆ ಒಂದೇ ಏಟಿಗೆ ಹತ್ತಾರು ಓದುಗರು ಹೋದರು. ಅದೇ ಲಾಗ್‌ನಲ್ಲಿ ಫೀಡ್ಲಿ ತನ್ನ ಹೆಸರಿನ ಜೊತೆ ನಿಮ್ಮ ಚಂದಾದಾರರ ಸಂಖ್ಯೆಯನ್ನೂ ಬರೆದಿಟ್ಟು ಹೋಗುತ್ತದೆ. ಒಮ್ಮೆ ನೋಡಿ, ಖುಷಿಯಾಗಬಹುದು.

ಈಗಾಗಲೇ ಕದ್ದದ್ದಕ್ಕೆ? ತಾಣದವರಿಗೆ ಇನ್ನೊಂದೇ ಪತ್ರ, ಚಿಕ್ಕದಾಗಿ, ದಿನಾಂಕ ಹಾಕಿ ಬರೆಯಿರಿ. ಬಗ್ಗದಿದ್ದರೆ ಅವರ ತಾಣಕ್ಕೆ ಜಾಗ ಕೊಟ್ಟಿರುವ ಹೋಸ್ಟಿಂಗ್ ಕಂಪನಿಗೆ ದೂರು ಕೊಡಿ. ಆ ಕಂಪನಿ ಅಮೆರಿಕದ್ದಾದರೆ ಅಲ್ಲಿನ ಡಿಎಂಸಿಎ ಎಂಬ ಕೃತಿಸ್ವಾಮ್ಯ ಕಾನೂನಿನ ಪ್ರಕಾರ ನೋಟಿಸ್ ಕೊಡಬಹುದು, ವಕೀಲರು ಬೇಕಿಲ್ಲ. ಗೂಗಲ್ ಹುಡುಕಾಟದಿಂದ ಆ ಪುಟ ತೆಗೆಸಲೂ ಇಂಥದೇ ಅರ್ಜಿ ಇದೆ. ಇದರಲ್ಲಿ ಎರಡು ಎಚ್ಚರ. ಬರಹ ನಿಮ್ಮದೇ ಎಂದು ಪ್ರಮಾಣ ಮಾಡಿ ಹೇಳುತ್ತೀರಿ, ಆದ್ದರಿಂದ ಖಚಿತವಿರುವ ಲೇಖನಗಳನ್ನು ಮಾತ್ರ ಪಟ್ಟಿ ಮಾಡಿ. ನಿಮ್ಮ ದೂರಿನ ಪ್ರತಿ ಎದುರು ಪಕ್ಷಕ್ಕೂ ಹೋಗಬಹುದು. ಮನೆ ವಿಳಾಸ ಕೊಡುವ ಮುಂಚೆ ಯೋಚಿಸಿ, ಅಂಚೆ ಕಚೇರಿಯ ಪೋಸ್ಟ್ ಬಾಕ್ಸ್ ವಿಳಾಸ ಇದ್ದರೆ ಒಳ್ಳೆಯದು.

ಗೂಗಲ್ ಶಿಕ್ಷೆಯ ಭಯ ಬಿಟ್ಟುಬಿಡಿ. ಒಂದೇ ಬರಹ ಎರಡು ಕಡೆ ಇದ್ದರೆ ಅದು ಒಂದನ್ನು ಮೂಲ ಎಂದು ಆರಿಸಿಕೊಂಡು ತೋರಿಸುತ್ತದೆ. ಬರೆದವರಿಗೆ ದಂಡ ಹಾಕುವುದಿಲ್ಲ. ಕೆಲವೊಮ್ಮೆ ತಪ್ಪಾದದ್ದನ್ನು ಆರಿಸುತ್ತದೆ, ಅದು ನಿಜವಾದ ತೊಂದರೆ. ತಾಣ ನಡೆಸುವವರಿಗಾಗಿ ಗೂಗಲ್ ಇಟ್ಟಿರುವ ಸರ್ಚ್ ಕನ್ಸೋಲ್‌ನಲ್ಲಿ ನಿಮ್ಮ ಹೊಸ ತಾಣ ಸೇರಿಸಿ ಸೈಟ್‌ಮ್ಯಾಪ್, ಅಂದರೆ ನಿಮ್ಮ ಪುಟಗಳ ಪಟ್ಟಿ, ಕೊಟ್ಟಿಡಿ. ಜಾಗ ಬದಲಿಸಿದ ಮೇಲೆ ಇದನ್ನು ಮಾಡಿರಲಿಕ್ಕಿಲ್ಲ ಎಂದು ನನ್ನ ಅನುಮಾನ.

ಹತ್ತು ಹಳೆಯ ಲೇಖನ ಮತ್ತೆ ಬಂದದ್ದಕ್ಕೆ ಕಾರಣ ನಾನು ಮೊದಲು ಹೇಳಿದ ಗುರುತು. ರೀಡರ್ ಹೊಸದು ಹಳೆಯದು ಅಂತ ತಿಳಿಯುವುದು ಮುಖ್ಯವಾಗಿ ಅದರಿಂದ, ಶೀರ್ಷಿಕೆಯಿಂದಲ್ಲ. ಬ್ಲಾಗ್‌ಸ್ಪಾಟ್ ಕೊಟ್ಟ ಗುರುತು ಬೇರೆ, ವರ್ಡ್‌ಪ್ರೆಸ್ ಹೊಸದಾಗಿ ಕೊಟ್ಟದ್ದು ಬೇರೆ. ಹಾಗಾಗಿ ಫೀಡ್‌ನಲ್ಲಿದ್ದ ಹತ್ತೂ ಹೊಸ ಮುಖವಾಗಿ ಕಂಡವು. ಒಂದು ಸಲ ಆಗಿ ಮುಗಿಯುವ ಸಮಸ್ಯೆ ಇದು. ಮುಂದೆ ಡೊಮೇನ್ ಹೆಸರು ಬದಲಿಸಿದರೆ, ಡೇಟಾಬೇಸ್‌ನಲ್ಲಿ ಹಳೆಯ ವಿಳಾಸ ಹುಡುಕಿ ಬದಲಿಸುವಾಗ ಗುರುತಿನ ಕಾಲಮ್ ಮುಟ್ಟಬೇಡ ಎಂದು ಹುಡುಗನಿಗೆ ಹೇಳಿ. ಅದರೊಳಗೆ ಹಳೆಯ ವಿಳಾಸ ಕಂಡರೂ ಹಾಗೇ ಇರಲಿ.

ಅಕ್ಷರ ಚೂರಾಗುವುದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಕನ್ನಡದಂಥ ಭಾಷೆಗಳಲ್ಲಿ ಬರೆಯುವವರು ಎದುರಿಸುವ, ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಸುಲಭವಾಗಿ ಸಿಗದ ವಿಷಯ ಇದು. ಹೇಗೆ ಚೂರಾಗಿದೆ ಎಂಬುದರಿಂದಲೇ ಕಾರಣ ಗೊತ್ತಾಗುತ್ತದೆ. ತಲೆಯ ಮೇಲೆ ಗೀಟಿರುವ ಇಂಗ್ಲಿಷ್‌ನ ಸಣ್ಣ "ಎ" ಅಕ್ಷರ (à) ಮತ್ತೆ ಮತ್ತೆ ಬರುತ್ತಿದ್ದರೆ, ಯುಟಿಎಫ್-8 ಎಂಬ ಸಂಕೇತ ಪದ್ಧತಿಯಲ್ಲಿರುವ ಬರಹವನ್ನು ಓದುವ ತಂತ್ರಾಂಶ ಬೇರೆ ಪದ್ಧತಿಯದೆಂದು ಓದುತ್ತಿದೆ. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಂಡರೆ, ಎಲ್ಲ ಭಾಷೆಗಳಿಗೂ ಒಂದೇ ಆಗಿರುವ ಯೂನಿಕೋಡ್ ಸಂಕೇತದಲ್ಲಿಲ್ಲದ ಹಳೆಯ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಅಂಟಿಸಿದ್ದೀರಿ. ನಿಮ್ಮ ಕಂಪ್ಯೂಟರಿನಲ್ಲಿ ಆ ಫಾಂಟ್ ಇರುವುದರಿಂದ ಬರೆಯುವಾಗ ನಿಮಗೆ ಸರಿಯಾಗಿಯೇ ಕಂಡಿರುತ್ತದೆ. ಅಂಥ ಲೇಖನಗಳನ್ನು ಯೂನಿಕೋಡ್‌ಗೆ ಪರಿವರ್ತಿಸಲೇಬೇಕು.

ಮೂರನೆಯ ಬಗೆ, ತುಣುಕಿನ ಕೊನೆಯಲ್ಲಿ ಕಪ್ಪು ಚೌಕದೊಳಗೆ ಪ್ರಶ್ನೆಚಿಹ್ನೆ. "ಕನ್ನಡ" ಎಂಬ ಪದ ನಮ್ಮ ಕಣ್ಣಿಗೆ ಮೂರು ಅಕ್ಷರ. ಕಂಪ್ಯೂಟರಿಗೆ ಅದು ಐದು ಸಂಕೇತ, ಒಂದೊಂದಕ್ಕೆ ಮೂರು ಬೈಟ್, ಒಟ್ಟು 15 ಬೈಟ್. ಇಂಗ್ಲಿಷ್ ಲೆಕ್ಕದಲ್ಲಿ ಬರೆದ ಪ್ರೋಗ್ರಾಮ್ ಇಷ್ಟು ಬೈಟ್‌ಗೆ ಕತ್ತರಿಸು ಎಂದರೆ ಅಕ್ಷರದ ಹೊಟ್ಟೆಗೇ ಕತ್ತರಿ ಬೀಳುತ್ತದೆ, ಇಲ್ಲವೇ ಒತ್ತಕ್ಷರ ಉದುರಿ "ಕನ್" ಉಳಿಯುತ್ತದೆ. ಇದು ನಿಮ್ಮ ತಪ್ಪಲ್ಲ, ಓದುವ ತಂತ್ರಾಂಶದ್ದು. ನೀವು ಪುಟ ಮಾಡುವಾಗ ಪದಗಳ ಲೆಕ್ಕದಲ್ಲಿ ಕತ್ತರಿಸಿ.

ವಿಳಾಸದಲ್ಲೂ ಇದೇ ಕಥೆ. ಕೊಂಡಿಯಲ್ಲಿ ಪ್ರತಿ ಕನ್ನಡ ಸಂಕೇತ ಒಂಬತ್ತು ಅಕ್ಷರವಾಗಿ ಹಿಗ್ಗುತ್ತದೆ. "ತಂಬುಳಿ" ಎಂಬ ಪುಟ್ಟ ಪದಕ್ಕೆ 54 ಅಕ್ಷರ. ವರ್ಡ್‌ಪ್ರೆಸ್‌ನಲ್ಲಿ ಲೇಖನದ ವಿಳಾಸದ ಮಿತಿ 200, ಹಾಗಾಗಿ ಉದ್ದದ ಶೀರ್ಷಿಕೆ ನಡುವೆಯೇ ಕಡಿದುಹೋಗುತ್ತದೆ. ಶೀರ್ಷಿಕೆ ಕನ್ನಡದಲ್ಲೇ ಇರಲಿ, ವಿಳಾಸವನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ನೀವೇ ಬರೆಯಿರಿ. ಬೇಸರವಾಗುತ್ತದೆ, ಗೊತ್ತು. ಆದರೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಕೊಂಡಿ ಮುರಿಯುವುದಕ್ಕಿಂತ ವಾಸಿ.

ಇನ್ನು ನಿಮ್ಮ ಆಸೆಯ ಪುಟ. ನೀವು ಅವರ ಹಾಗೆ ಆಗುವುದಿಲ್ಲ, ಮಾಡುವ ರೀತಿ ಸರಿಯಿದ್ದರೆ. ಬೇರೆ ಬೇರೆ ಪತ್ರಿಕೆಗಳ ಸುದ್ದಿಯನ್ನು ಒಂದೇ ಪುಟದಲ್ಲಿ ತೋರಿಸುವ ಗೂಗಲ್ ನ್ಯೂಸ್ ಹುಟ್ಟುಹಾಕಿದವರು ಬೆಂಗಳೂರಿನಲ್ಲಿ ಬೆಳೆದ ಕೃಷ್ಣ ಭರತ್. 2002ರಲ್ಲಿ ಅದು ಬಂದಾಗ ತೋರಿಸುತ್ತಿದ್ದದ್ದು ಮುಖ್ಯವಾಗಿ ತಲೆಬರಹ, ಒಂದೆರಡು ಸಾಲು, ಮೂಲದ ಹೆಸರು, ಕೊಂಡಿ. ಅಷ್ಟಕ್ಕೇ ಎಷ್ಟೋ ಪತ್ರಿಕೆಗಳು ತಕರಾರು ಮಾಡಿವೆ. ನೀವು ಅಷ್ಟನ್ನೇ ತೋರಿಸಿ, ಮೊದಲೇ ಕೇಳಿ, ಬೇಡ ಅಂದವರನ್ನು ಅವತ್ತೇ ತೆಗೆಯಿರಿ.

ನನ್ನ ಒಂದು ತಪ್ಪನ್ನು ಹೇಳುತ್ತೇನೆ. ತುಂಬಾ ವರ್ಷಗಳ ಹಿಂದೆ ನಾನೂ ಕನ್ನಡ ಬ್ಲಾಗ್‌ಗಳ ಇಂಥದೊಂದು ಪುಟ ಕಟ್ಟಿದ್ದೆ. ಡೆಬಿಯನ್, ಗ್ನೋಮ್ ಎಂಬ ಮುಕ್ತ ತಂತ್ರಾಂಶ ಬಳಗಗಳು ತಮ್ಮವರ ಬ್ಲಾಗ್ ಒಂದುಗೂಡಿಸಲು ಬಳಸುತ್ತಿದ್ದ ಪ್ಲಾನೆಟ್ ಎಂಬ ಸಣ್ಣ ತಂತ್ರಾಂಶ ಬಳಸಿದ್ದೆ. ಹೊಸ ಲೇಖನ ಬಂದ ಕೂಡಲೇ ಕಾಣಲಿ ಎಂದು ಐದು ನಿಮಿಷಕ್ಕೊಮ್ಮೆ ಎಲ್ಲ ಫೀಡ್ ತರಿಸುತ್ತಿದ್ದೆ. ದಿನಕ್ಕೆ 288 ಸಲ, ಪ್ರತಿ ಬ್ಲಾಗ್‌ನಿಂದ, ಪೂರ್ತಿ ಕಡತ. ಒಬ್ಬ ಲೇಖಕಿ ತಿಂಗಳಿಗೆ ಇಂತಿಷ್ಟೇ ಡೇಟಾ ಎಂಬ ಅಗ್ಗದ ಹೋಸ್ಟಿಂಗ್ ತೆಗೆದುಕೊಂಡಿದ್ದರು. ಅವರ ಪಾಲು ಮುಗಿದು ತಾಣವೇ ನಿಂತಿತು. ಅವರಿಗೆ ಕಾರಣ ಗೊತ್ತಿರಲಿಲ್ಲ, ಎರಡು ವಾರ ನನಗೂ ಗೊತ್ತಿರಲಿಲ್ಲ. ಕೊನೆಗೆ ಲಾಗ್‌ನಲ್ಲಿ ಕಂಡದ್ದು ನನ್ನದೇ ಸರ್ವರ್. ಫೋನ್ ಮಾಡಿ ತಪ್ಪೊಪ್ಪಿಕೊಂಡೆ. ಗಂಟೆಗೊಮ್ಮೆ ಕೇಳಿದರೆ ಧಾರಾಳ ಸಾಕು. ಕೇಳುವಾಗ "ಹೋದ ಸಲ ಬಂದಾಗಿನಿಂದ ಬದಲಾಗಿದ್ದರೆ ಮಾತ್ರ ಕೊಡು" ಎಂದು ಹೇಳುವ ಸೌಲಭ್ಯ ವೆಬ್‌ನಲ್ಲೇ ಇದೆ. ಬದಲಾಗಿರದಿದ್ದರೆ ಸರ್ವರ್ 304 ಎಂಬ ಪುಟ್ಟ ಉತ್ತರ ಕೊಟ್ಟು ಕಳಿಸುತ್ತದೆ. ಇದು ಆನ್ ಇದೆಯೇ ಎಂದು ಮೊದಲು ನೋಡಿಕೊಳ್ಳಬೇಕು.

ಅದೇ ಪುಟ ಇನ್ನೊಮ್ಮೆ ಇಡಿಯಾಗಿ ಖಾಲಿಯಾಗಿತ್ತು. ಒಬ್ಬರ ಶೀರ್ಷಿಕೆಯಲ್ಲಿ ಖಾಲಿ ಜಾಗಕ್ಕೆ ಬಳಸುವ ಎನ್‌ಬಿಎಸ್‌ಪಿ ಸಂಕೇತ ಸೇರಿಕೊಂಡಿತ್ತು. ವೆಬ್ ಪುಟ ಬರೆಯುವ ಎಚ್‌ಟಿಎಂಎಲ್‌ಗೆ ಅದು ಗೊತ್ತು. ಫೀಡ್ ಬರೆಯುವ ಎಕ್ಸ್‌ಎಂಎಲ್‌ಗೆ ಹುಟ್ಟಿನಿಂದ ಗೊತ್ತಿರುವುದು ಅಂಥ ಐದೇ ಸಂಕೇತ, ಅದರಲ್ಲಿ ಇದಿಲ್ಲ. ಒಂದು ಫೀಡ್ ಮುರಿದರೆ ಉಳಿದ ಇಪ್ಪತ್ತೊಂಬತ್ತು ನಿಲ್ಲದ ಹಾಗೆ ಇರಬೇಕು. ಯಾರದಾದರೂ ಫೀಡ್ ಓದಲು ಬಾರದಿದ್ದರೆ ವೆಬ್‌ನ ನಿಯಮ ರೂಪಿಸುವ ಡಬ್ಲ್ಯೂ ತ್ರೀ ಸಿ ಸಂಸ್ಥೆ ನಡೆಸುವ ಫೀಡ್ ಪರೀಕ್ಷಕದಲ್ಲಿ ವಿಳಾಸ ಹಾಕಿ ನೋಡಿ, ತಪ್ಪಿರುವ ಸಾಲಿನ ಸಂಖ್ಯೆಯನ್ನೇ ಹೇಳುತ್ತದೆ.

ಇಷ್ಟೆಲ್ಲ ಕೇಳಿ ಹಿಂಜರಿಯಬೇಡಿ. ನಿಮ್ಮ ಅಗತ್ಯಕ್ಕೆ ಸರ್ವರ್ ಬೇಕೇ ಇಲ್ಲ. ಬ್ಲಾಗ್‌ಸ್ಪಾಟ್‌ನಲ್ಲಿ ಬ್ಲಾಗ್ ಲಿಸ್ಟ್ ಎಂಬ ಗ್ಯಾಜೆಟ್ ಇದೆ. ವಿಳಾಸಗಳನ್ನು ಸೇರಿಸಿದರೆ ಯಾರು ಹೊಸದಾಗಿ ಬರೆದರೋ ಅವರ ಲೇಖನದ ಹೆಸರು ಮೇಲಕ್ಕೆ ಬರುತ್ತದೆ. ಒಂದು ಖಾಲಿ ಬ್ಲಾಗ್ ತೆರೆದು ಇದೊಂದನ್ನೇ ಇಡಿ. ಖರ್ಚಿಲ್ಲ. ಮೊದಲು ಐದು ಬ್ಲಾಗ್ ಹಾಕಿ ಹದಿನೈದು ದಿನ ನೋಡಿ. ಜೊತೆಗೆ, ನಿಮ್ಮ ರೀಡರ್‌ನಿಂದ ಓಪಿಎಂಎಲ್ ಎಂಬ ಕಡತ ಹೊರತೆಗೆಯಬಹುದು. ಅದು ಮೂವತ್ತೂ ಫೀಡ್‌ಗಳ ಪಟ್ಟಿ. ಗೆಳತಿಯರಿಗೆ ಕಳಿಸಿದರೆ ಅವರ ರೀಡರ್‌ನಲ್ಲಿ ಎಲ್ಲವೂ ಒಮ್ಮೆಗೇ ಸೇರುತ್ತವೆ. ಇದಕ್ಕೆ ಯಾರ ಅನುಮತಿಯೂ ಬೇಡ, ವಿಳಾಸ ಹಂಚಿದ ಹಾಗೆ ಅಷ್ಟೇ. ಮುಂದೆ ಹುಮ್ಮಸ್ಸು ಬಂದು ಸ್ವಂತ ಸರ್ವರ್‌ನಲ್ಲೇ ಬೇಕು ಎನಿಸಿದರೆ ಫ್ರೆಶ್‌ಆರ್‌ಎಸ್‌ಎಸ್ ಎಂಬ ಫೀಡ್ ಓದುವ ತಂತ್ರಾಂಶ ಇದೆ. ಆಗ ಹೊರಗಿನಿಂದ ಬಂದ ಬರಹದಲ್ಲಿರುವ ಸ್ಕ್ರಿಪ್ಟ್‌ಗಳು ಓಡದ ಹಾಗೆ ನೋಡಿಕೊಳ್ಳುವ ಹೊಣೆ ಹುಡುಗನದು.

ಕೊನೆಗೆ ನಿಮ್ಮ ಗೆಳತಿಯ ಬ್ಲಾಗ್. ಪಟ್ಟಿಯಲ್ಲಿ ಅವರ ಹೆಸರು, ಕೊಂಡಿ ಇಡಲು ಯಾವ ಅಡ್ಡಿಯೂ ಇಲ್ಲ. ಆದರೆ ಇಂಥ ಪುಟ ಹೊಸದನ್ನು ಮೇಲೆ ತರುತ್ತದೆ, ಅವರದು ಕೆಳಗೇ ಉಳಿಯುತ್ತದೆ. ಅವರಿಗಾಗಿ ಮೇಲೆ ಬೇರೆ ಜಾಗ ಮಾಡಿ. ಬರಹವನ್ನೇ ನಿಮ್ಮಲ್ಲಿ ಪ್ರಕಟಿಸುವುದಾದರೆ ಮನೆಯವರ ಒಪ್ಪಿಗೆ ಪತ್ರ ಬೇಕು. ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ವಾರಸುದಾರರದು. ಅವರ ಬ್ಲಾಗ್ ಬ್ಲಾಗ್‌ಸ್ಪಾಟ್‌ನಲ್ಲಿದ್ದರೆ, ಅಲ್ಲಿನ ಫೀಡ್‌ನಲ್ಲಿ ಒಂದು ಅನುಕೂಲವಿದೆ. ಇತ್ತೀಚಿನದು ಮಾತ್ರವಲ್ಲ, ಎಷ್ಟನೆಯ ಲೇಖನದಿಂದ ಎಷ್ಟು ಬೇಕು ಎಂದು ಹೇಳಿ ಹಳೆಯವನ್ನೂ ಕಂತುಕಂತಾಗಿ ತರಿಸಿಕೊಳ್ಳಬಹುದು. ಅವರು ಫೀಡನ್ನು ಪೂರ್ತಿಯಾಗಿ ತೆರೆದಿಟ್ಟಿದ್ದರೆ ಮೊದಲ ಲೇಖನದವರೆಗೂ ಸಿಗುತ್ತದೆ. ನಿಮ್ಮ ಅಕ್ಕನ ಮಗನಿಗೆ ಒಂದು ಸಂಜೆಯ ಕೆಲಸ. ಅವರ ಮನೆಯವರನ್ನು ಕೇಳಿ, ಎರಡು ಪೆನ್‌ಡ್ರೈವ್‌ಗೆ ಹಾಕಿಸಿ, ಒಂದನ್ನು ಅವರ ಮಕ್ಕಳಿಗೆ ಕೊಡಿ. ಈ ಕೆಲಸವನ್ನು ಮೊದಲು ಮಾಡಿ. ಉಳಿದದ್ದಕ್ಕೆ ಸಮಯವಿದೆ.